ಎರಡು ಇಂಚಿನ ಹೊಸ್ತಿಲು

ಪೀಣ್ಯ,
ಬುಧವಾರ

ಮರೆವ್ವಕ್ಕನವರಿಗೆ ಬಡಗಿ ಮಲಕಪ್ಪನ ನಮಸ್ಕಾರ.

ಗಾಲಿಕುರ್ಚಿಯವರಿಗೆಂದೇ ಟ್ರಸ್ಟಿನವರು ಕಟ್ಟಿಸಿದ ನಿಮ್ಮ ಮನೆಗೆ ಬಾಗಿಲು ಕೂರಿಸಿದವನು ನಾನು. ನಕ್ಷೆಯಲ್ಲಿ ಹೊಸ್ತಿಲು ಇರಲಿಲ್ಲ. ಇಂಜಿನಿಯರು ಮರೆತಿದ್ದಾರೆ ಅಂದುಕೊಂಡೆ. ನಮ್ಮ ಕಡೆಯ ಹೆಣ್ಣುಮಕ್ಕಳು ಹೊಸ್ತಿಲು ಪೂಜಿಸದೆ ಒಲೆ ಹಚ್ಚುವುದಿಲ್ಲವಲ್ಲ ಎಂದು ನಾನೇ ಎರಡು ಇಂಚಿನ ಸಾಗವಾನಿ ಹೊಸ್ತಿಲು ಹಾಕಿದೆ. ಗಾಲಿಯ ನೆನಪೇ ಬರಲಿಲ್ಲ.

ಟ್ರಸ್ಟಿನ ಸೌಮ್ಯಾ ಮೇಡಂ ಕೇಳಿದಾಗ ಬೈಗುಳಕ್ಕೆ ಹೆದರಿ, "ಆ ಅಕ್ಕಾರ ಹೇಳಿ ಹಾಕಿಸ್ಕೊಂಡಾರ್ರಿ" ಅಂದುಬಿಟ್ಟೆ.

ಮೊನ್ನೆ ಚಿಲಕ ಸರಿಮಾಡಲು ಬಂದಾಗ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದ್ದಿರಿ. ಅದರ ಒಳಗಡೆ ಕುರ್ಚಿಯಲ್ಲಿ ಕುಳಿತು, ನಿಮ್ಮನ್ನು ದಾಟಿಸಲು ಪಕ್ಕದ ಮನೆಯವರು ಫ್ಯಾಕ್ಟರಿಯಿಂದ ಬರುವುದನ್ನೇ ಕಾಯುತ್ತಿದ್ದಿರಿ. ಚಹಾ ಕೊಟ್ಟಿರಿ. ಕುಡಿದು, ಚಿಲಕವನ್ನಷ್ಟೇ ಸರಿಮಾಡಿ ಬಂದೆ.

ಮೇಡಂ ನಿಮ್ಮನ್ನೂ ವಿಚಾರಿಸಿದ್ದರೆಂದು ನಿನ್ನೆ ತಿಳಿಯಿತು. ನೀವು "ಹೌದ್ರಿ, ನಾನ ಹೇಳಿದ್ದೆ" ಅಂದಿರಂತೆ. ನನ್ನ ಕೆಲಸ ಹೋದೀತೆಂದು ಹಾಗಂದಿರಾ ಅಕ್ಕ?

ಭಾನುವಾರ ಬೆಳಿಗ್ಗೆ ಬಂದು ಹೊಸ್ತಿಲು ಕಿತ್ತು ನೆಲ ಸಮ ಮಾಡಿಕೊಡುತ್ತೇನೆ. ಅದೇ ಮರದಲ್ಲಿ ದೇವರಿಗೆ ಗೋಡೆಯ ಮೇಲೊಂದು ಮಣೆ ಮಾಡಿಕೊಡಲೇ? ಕುರ್ಚಿಯಿಂದ ಕೈಗೆಟುಕುವ ಎತ್ತರ ಎಷ್ಟೆಂದು ಈ ಸಲ ನಿಮ್ಮನ್ನು ಕೇಳಿಯೇ ಕೂರಿಸುತ್ತೇನೆ.

ಮೇಡಂಗೂ ನಿಜ ಬರೆದಿದ್ದೇನೆ. ಇನ್ನು ನನಗಾಗಿ ಸುಳ್ಳು ಹೇಳಬೇಡಿ.

ಒಂದೇ ಬೇಡಿಕೆ. ಭಾನುವಾರ ಮಾತ್ರ ಹೊಸ್ತಿಲಿಗೆ ಕುಂಕುಮ ಹಚ್ಚಬೇಡಿ. ಹಚ್ಚಿದ್ದರೆ ಉಳಿ ಇಡಲು ನನಗೆ ಕೈ ಏಳುವುದಿಲ್ಲ.

ನಿಮ್ಮನ್ನು ಒಳಗೇ ಕೂರಿಸಿದ,
ಮಲಕಪ್ಪ