ನಿಂತಿತ್ತು ಎಂದ ಹಡಗು

ಭಾನುವಾರ, ಮಧ್ಯಾಹ್ನ

ನನ್ನ ಬೆನ್ನಿಗೆ ಬಿದ್ದ ತಮ್ಮನಿಗೆ,

ಅಕ್ಕನ ಆಶೀರ್ವಾದ ಎಂದಿನಂತೆಯೇ ಇದೆ. ನಂಬಿಕೆ ಮಾತ್ರ ಎಂದಿನಂತಿಲ್ಲ. ಫೋನಿನಲ್ಲಿ ನೀನು ಮಾತು ತೇಲಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಹರಿಯಬೇಡ.

ಕಳೆದ ಸೋಮವಾರ ಬೆಳಗ್ಗೆ ಆರು ಜನರಿದ್ದ ಮೀನುದೋಣಿಯೊಂದು ಕಾಣೆಯಾಯಿತು. ಅಂದಿನ ರೇಡಾರ್ ಚಿತ್ರವನ್ನು ನಮ್ಮ ಸಾಹೇಬರು ನನ್ನ ಮೇಜಿಗೇ ಕಳಿಸಿದರು. ಉಪಗ್ರಹ ನೋಡುವ ಆ ಕೆಲವು ಕ್ಷಣಗಳಲ್ಲಿ ಹಡಗು ಚಲಿಸುತ್ತಿದ್ದರೆ ಅದರ ರೂಪ ಒದ್ದೆ ಬೆರಳಲ್ಲಿ ಒರೆಸಿದ ಶಾಯಿಯಂತೆ ಹರಡುತ್ತದೆ. ಇರುವ ಜಾಗವನ್ನೂ ತಪ್ಪಾಗಿ ತೋರಿಸುತ್ತದೆ. ವೇಗ, ದಿಕ್ಕು ಅಂದಾಜು ಮಾಡಿ ತಿದ್ದುತ್ತಾ ಹೋದರೆ ಹರಡಿದ್ದೆಲ್ಲ ಕೂಡಿ ಮತ್ತೆ ಹಡಗಾಗುತ್ತದೆ. ಹನ್ನೆರಡು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ.

ಅಂದು ಆ ಕಡೆ ಇದ್ದ ದೊಡ್ಡ ಹಡಗು ನೀನು ಕೆಲಸ ಮಾಡುವ ಸರಕು ಹಡಗೊಂದೇ. ಮರುದಿನ ಫೋನ್ ಮಾಡಿ, ಊಟ ಆಯಿತಾ, ನಿನ್ನೆ ಎಲ್ಲಿದ್ದೆ ಎಂದು ಕೇಳಿದೆ. ಅಷ್ಟಕ್ಕೇ ನೀನು, "ಲಂಗರು ಹಾಕಿ ನಿಂತಿದ್ವಿ ಅಕ್ಕ, ಇಂಜಿನ್ ಕೆಟ್ಟಿತ್ತು. ದೋಣಿ ಗೀಣಿ ಏನೂ ನೋಡಿಲ್ಲ" ಅಂದೆ. ನಾನು ದೋಣಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡೆಯಲ್ಲೋ.

ನಿಂತ ಹಡಗೂ ಅಲೆಗೆ ತೂಗಾಡಿ ಮಸುಕಾಗುತ್ತದೆ ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿದೆ. ನಿಂತಿದೆ ಎಂದೇ ಇಟ್ಟುಕೊಂಡು ತಿದ್ದಿದೆ, ಚಿತ್ರ ಕೂಡಲಿಲ್ಲ. ವೇಗ ಏರಿಸುತ್ತಾ ಹೋದೆ. ಹನ್ನೊಂದು ನಾಟ್‌ಗೆ ಬಂದಾಗ ನಿಮ್ಮ ನಾಲ್ಕೂ ಕ್ರೇನುಗಳು ಒಂದೊಂದಾಗಿ ಎದ್ದು ನಿಂತವು. ಮಸುಕು ಸರಿದ ಜಾಗದಲ್ಲಿ, ನಿಮ್ಮ ಹಿಂದೆ ಉಳಿದ ನೀರಿನ ಜಾಡಿನ ಪಕ್ಕದಲ್ಲೇ, ಸಣ್ಣದೊಂದು ಚುಕ್ಕಿ ಇತ್ತು.

ವರದಿ ಕೊಟ್ಟೆ. ನಿಮ್ಮ ಹಡಗಿನ ಹೆಸರನ್ನೂ ಬರೆದೆ. ಆ ಚುಕ್ಕಿಯಿಂದ ನೀರಿನ ಸೆಳೆತ ಹಿಡಿದು ಹುಡುಕಿದ ಕಾವಲು ಹಡಗಿಗೆ, ಮಗುಚಿದ ದೋಣಿಯ ಬಳಿ ನಾಲ್ವರು ಜೀವಂತ ಸಿಕ್ಕರು. ದೊಡ್ಡ ಹಡಗಿನ ಅಂಚಿನ ಕಂಬಿಯ ಬಳಿ ಒಬ್ಬ ನಿಂತು ನಮ್ಮನ್ನೇ ನೋಡಿದ, ತೇಲುವ ಟ್ಯೂಬೊಂದನ್ನು ಎಸೆದ, ಆದರೆ ಹಡಗು ನಿಲ್ಲಲಿಲ್ಲ ಎಂದು ಅವರು ಹೇಳಿದರಂತೆ.

ಎಸೆದವನು ನೀನೇ ಇರಬೇಕು ಎಂದು ನನ್ನ ಕರುಳು ಹೇಳುತ್ತದೆ. ಹಾಗಿದ್ದರೆ ನೋಡಿದವನೂ ನೀನೇ. ಕಪ್ತಾನನ ಕಣ್ಣಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆಯೋ, ಅಥವಾ ನಿನಗೂ ತಡವಾಗುತ್ತಿತ್ತೋ, ಗೊತ್ತಿಲ್ಲ. ವಿಚಾರಣೆಗೆ ಕರೆಯುತ್ತಾರೆ. ಕಂಡದ್ದನ್ನು ಕಂಡ ಹಾಗೆ ಹೇಳು. ಅಮ್ಮನಿಗೆ ಇನ್ನೂ ತಿಳಿಸಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ನಿನ್ನೊಬ್ಬನನ್ನೇ ಕಟಕಟೆಗೆ ಹತ್ತಿಸಿ ಪತ್ರ ಮುಚ್ಚಿದರೆ ಅನ್ಯಾಯ. ಚಿತ್ರ ಕೂಡಿದ್ದು ಮಂಗಳವಾರ ಸಂಜೆ. ನಾನು ವರದಿ ಕೊಟ್ಟದ್ದು ಗುರುವಾರ ಬೆಳಗ್ಗೆ. ನಡುವೆ ಸಾಹೇಬರು ಎರಡು ಸಲ ಕೇಳಿದರು. ಇನ್ನೂ ಸ್ಪಷ್ಟವಾಗಿಲ್ಲ ಸರ್ ಎಂದೆ. ಸಿಗದ ಆ ಇಬ್ಬರು ಬುಧವಾರ ಮಧ್ಯಾಹ್ನದವರೆಗೂ ಮಾತಾಡುತ್ತಿದ್ದರಂತೆ.