ಗೋಡೆಗೆ ಬೇಕಾದ ಪಟ

ರಾವೆನೆ,
ಏಪ್ರಿಲ್ ೧೪

ಪ್ರೀತಿಯ ಟೀಪೆನೆ,

ಲಕೋಟೆಯೊಳಗಿನ ದಪ್ಪ ಕಾಗದವನ್ನು ಮಡಿಸಬೇಡ. ಅದು ನಿನ್ನ ಅಮ್ಮನ ಪಟ. ಮೊದಲು ಪತ್ರ ಓದು, ಆಮೇಲೆ ನೋಡು ಎಂದರೆ ನೀನು ಕೇಳುವವನಲ್ಲ, ಈಗಾಗಲೇ ನೋಡಿರುತ್ತೀಯ. ಇರಲಿ.

ಹೋದ ತಿಂಗಳು ಅವರು ಮೇರೆ ಚಿಕ್ಕಮ್ಮನನ್ನು ಕರೆದುಕೊಂಡು ಫೆರ್ರಿ ಹತ್ತಿ ನನ್ನ ಮನೆಗೆ ಬಂದರು. ಕೈಯಲ್ಲಿ ಆಲೂಗಡ್ಡೆ ಹಾಕಿ ಹುದುಗಿಸಿದ ಹಿಟ್ಟಿನ ರೊಟ್ಟಿ, ಚೀಲದಲ್ಲಿ ಇಸ್ತ್ರಿ ಮಾಡಿದ ಕಪ್ಪು ಉಡುಪು. ಕೂರುವ ಮೊದಲೇ, "ನಿನ್ನ ಆ ಹಳೇ ಕ್ಯಾಮೆರಾ ಇನ್ನೂ ಬದುಕಿದೆಯೇನೇ?" ಎಂದು ಕೇಳಿದರು. ಇದೆ ಅತ್ತೆ, ಎಂದೆ.

"ಹಂಗಾದ್ರೆ ನಂದೊಂದು ಪಟ ತೆಗಿ. ಸಭಾಮನೆ ಗೋಡೆಗೆ."

ನಮ್ಮ ಸಭಾಮನೆಯ ಗೋಡೆಯ ಮೇಲೆ ಬದುಕಿರುವವರ ಪಟ ಇರುವುದಿಲ್ಲ. ಕೈಯಲ್ಲಿದ್ದ ಕೆಟಲನ್ನು ನಾನು ಕೆಳಗಿಟ್ಟೆ. ಅವರು ನನ್ನ ಮುಖ ನೋಡಿ ನಕ್ಕರು. "ಇವತ್ತೇ ಹೊರಟಿಲ್ಲ ಕಣೇ. ನಿಕೋರಾನ ಪಕ್ಕ ಜಾಗ ಹಿಡಿದಿಡ್ತಿದೀನಿ, ಅಷ್ಟೆ. ಇಲ್ಲಾಂದ್ರೆ ನೀವೆಲ್ಲ ಯಾವುದೋ ಮದುವೇಲಿ ಮೊಬೈಲಲ್ಲಿ ತೆಗೆದದ್ದು, ಬಾಯ್ತುಂಬ ಕೇಕು ಇರೋದನ್ನ ತಂದು ನೇತು ಹಾಕ್ತೀರ."

ನಿನ್ನ ತಮ್ಮನ ಹೆಸರನ್ನು ಅವರು ಅಷ್ಟು ಸಲೀಸಾಗಿ ಹೇಳಿದರು. ಬಂದರಿನ ಬಾಯಲ್ಲಿ ನಿಮ್ಮ ದೋಣಿ ಮಗುಚಿದ ಮೇಲೆ ಆ ಹೆಸರು ನಿನ್ನ ಬಾಯಲ್ಲಿ ಬಂದದ್ದನ್ನು ನಾನು ಕೇಳಲೇ ಇಲ್ಲ. ಅವನನ್ನು ಮಣ್ಣಿಗಿಟ್ಟ ಮರುವಾರ ನೀನು ಸಮುದ್ರ ಕಾಣದ ಊರು ಹುಡುಕಿಕೊಂಡು ದಕ್ಷಿಣಕ್ಕೆ ಹೋದೆ, ಕುರಿಯ ಉಣ್ಣೆ ಕತ್ತರಿಸುವವರನ್ನು ಸೇರಿಕೊಂಡೆ. ನಾನೂ ಬರಲೇ ಎಂದರೆ ಬೇಡ ಎಂದೆ. ಈ ಜೂನ್ ಬಂದರೆ ಮೂರನೆಯ ಚಳಿಗಾಲ.

ಅಮ್ಮನನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದೆ. ನೀರಿನ ಮೇಲಿಂದ ಬೆಳಕು ಚೆನ್ನಾಗಿ ಬರುತ್ತಿತ್ತು. ಬೆಳಕು ಚೆನ್ನಾಗಿದ್ದರೇನು, ಅವರು ಒಂದು ನಿಮಿಷ ಅಲುಗಾಡದೆ ಕೂತರೆ ತಾನೇ? ಉಸಿರು ಹಿಡಿಯಿರಿ ಅತ್ತೆ, ಎಂದೆ. "ಆ ಆಸ್ಪತ್ರೆಯವರೂ ಇದನ್ನೇ ಹೇಳ್ತಾರೆ" ಎಂದವರು ಥಟ್ಟನೆ ಬಾಯಿ ಮುಚ್ಚಿಕೊಂಡರು. ಮೇರೆ ಚಿಕ್ಕಮ್ಮ ನೀರಿನ ಕಡೆ ತಿರುಗಿ ಕೂತರು. ಆಮೇಲೆ ಅಮ್ಮ ನನ್ನ ಕೈ ಹಿಡಿದು ಒಂದು ಮಾತು ತೆಗೆದುಕೊಂಡರು: ಅವರ ಆರೋಗ್ಯದ ವಿಷಯ ನಿನಗೆ ಬರೆಯಕೂಡದು ಅಂತ. ಮಾತು ಕೊಟ್ಟಿದ್ದೇನೆ. ಬರೆಯುವುದಿಲ್ಲ.

ಆದರೆ ನಿನ್ನ ಬಗ್ಗೆ ಮಾತಾಡಿದ್ದನ್ನು ಬರೆಯಬೇಡ ಎನ್ನಲಿಲ್ಲ. ಅತ್ತೆ, ನೀವು ಅವನನ್ನು ಕ್ಷಮಿಸಿದ್ದೀರಿ ಅಂತ ಒಂದು ಸಾಲು ಬರೆಯಲೇ ಎಂದು ಕೇಳಿದೆ. ಅವರಿಗೆ ಸಿಟ್ಟೇ ಬಂತು. "ಕ್ಷಮೆ ತಪ್ಪು ಮಾಡಿದೋರಿಗೆ. ಅವನೇನು ಮಾಡ್ದ? ಆ ಅಲೇನ ಅವನು ಎಬ್ಬಿಸಿದ್ನಾ? ನನ್ನ ಇಬ್ಬರು ಮಕ್ಕಳೂ ಆ ದೋಣೀಲಿ ಇದ್ರು ಕಣೇ. ಒಬ್ಬನನ್ನಾದ್ರೂ ಸಮುದ್ರ ವಾಪಸ್ ಕೊಡ್ತು ಅಂದ್ಕೊಂಡಿದ್ದೆ. ಕೊಟ್ಟಿಲ್ಲ ನೋಡು."

ಕ್ಯಾಮೆರಾ ನನ್ನ ಕಣ್ಣಿಗೆ ಅಂಟಿಕೊಂಡಿತ್ತು, ಅದೇ ಒಳ್ಳೆಯದಾಯಿತು. ಗುಂಡಿ ಒತ್ತಿದೆ.

ಫಿಲ್ಮನ್ನು ಸ್ನಾನದ ಮನೆಯಲ್ಲಿ ತೊಳೆದು, ಶವರಿನ ಸರಳಿಗೆ ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಮಾರನೆಯ ದಿನ ಬೆಳಕಿಗೆ ಹಿಡಿದರೆ, ನೆಗೆಟಿವ್‌ನಲ್ಲಿ ಅಮ್ಮನ ಬಿಳಿ ಕೂದಲು ಕಪ್ಪಾಗಿ, ವಯಸ್ಸು ಹಿಂದಕ್ಕೆ ಹೋಗಿತ್ತು. ಗದ್ದದ ಹಚ್ಚೆ ಮಾತ್ರ ದೀಪ ಹಚ್ಚಿದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಸ್ಕ್ಯಾನರಿನ ಮುಚ್ಚಳ ಹಾಕಿ ಕಾಯುತ್ತ ಕೂತೆ. ನಿನಗೆ ಆ ಯಂತ್ರದ ಮೇಲೆ ಎಷ್ಟು ಕೋಪವಿತ್ತು, "ಹೆಣ್ಣು ಹಂದಿ ಗೊರಕೆ ಹೊಡೆದಂಗೆ" ಎನ್ನುತ್ತಿದ್ದೆ. ಈಗ ಈ ಮನೆಯಲ್ಲಿ ಬೇರೆ ಸದ್ದಿಲ್ಲ. ಅದು ನಿಂತಾಗಲೇ ಕಷ್ಟ.

ಗೋಡೆಗೆ ಯಾವ ಪಟ ಎಂದು ಆಯ್ಕೆ ಮಾಡುವುದಕ್ಕೆ ಇಬ್ಬರೂ ಮತ್ತೆ ಬಂದರು. ಪರದೆಯ ಮೇಲೆ ಮುಖ ಅಷ್ಟು ದೊಡ್ಡದಾಗಿ ಬಂದಾಗ ಮೇರೆ ಚಿಕ್ಕಮ್ಮ, ಧೂಳಿನ ಚುಕ್ಕೆ ಅಳಿಸುವಾಗ ಹಾಗೇ ಸುಕ್ಕನ್ನೂ ಒಂದಷ್ಟು ಅಳಿಸಿಬಿಡು ಎಂದರು. "ಬೇಡ," ಎಂದರು ಅಮ್ಮ, "ಅಲ್ಲಿ ನನ್ನ ಗಂಡ ಕಾಯ್ತಿದಾನೆ. ಯಾರೋ ಹುಡುಗಿ ಬಂದ್ಲು ಅಂತ ಹಿಗ್ಗಿಬಿಟ್ರೆ?" ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕೊನೆಗೆ ಅವರು ಒಂದು ಪಟದ ಮುಂದೆ ನಿಂತರು. ಅದರಲ್ಲಿ ಅವರು ಕ್ಯಾಮೆರಾ ನೋಡುತ್ತಿಲ್ಲ. ತುಟಿ ಸ್ವಲ್ಪ ತೆರೆದಿದೆ. "ಇದು ಯಾವಾಗ ತೆಗೆದದ್ದು?"

ನೀವು ಟೀಪೆನೆಯ ಮಾತಾಡುತ್ತಿದ್ದಾಗ, ಎಂದೆ.

ಅವರು ಪರದೆಗೆ ತೀರಾ ಹತ್ತಿರ ಹೋಗಿ ತಮ್ಮ ಮುಖವನ್ನೇ ನೋಡಿದರು. "ಇದೇ ಇರ್ಲಿ" ಎಂದರು.

ನಿನಗೆ ಕಳಿಸಿರುವುದು ಅದನ್ನೇ. ಕೊರಳ ಹಸಿರು ಕಲ್ಲು ಮೊದಲಿಗಿಂತ ಕೆಳಗೆ ಜೋತಿದೆ, ನೋಡು. ದಾರ ಉದ್ದವಾಗಿಲ್ಲ.

ಇಲ್ಲಿ ನಿನ್ನ ಮಳೆಕೋಟು ಇನ್ನೂ ಬಾಗಿಲ ಹಿಂದೆ ಇದೆ. ಫೆರ್ರಿಯ ಹಾರ್ನ್ ಕೇಳಿದಾಗಲೆಲ್ಲ ಇಳಿಯುವವರನ್ನು ನೋಡುವ ಅಭ್ಯಾಸವೂ ಹೋಗಿಲ್ಲ. ದೋಣಿ ಹತ್ತಬೇಡ. ಸುತ್ತು ಬಳಸಿ ರಸ್ತೆಯಲ್ಲೇ ಬಾ, ನೀರಿನ ಕಡೆ ತಿರುಗಿಯೂ ನೋಡಬೇಡ. ಆದರೆ ಬೇಗ ಬಾ.

ನಿನ್ನವಳು, ನೀನು ಬೇಡವೆಂದರೂ,
ರಿಪೆಕಾ

ಮರೆತ ಮಾತು: ಫಿಲ್ಮಿನಲ್ಲಿ ಒಂದು ಪಟ ಅಮ್ಮ ತೆಗೆದದ್ದು. ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ನನ್ನದೇ ಪಟ ತೆಗೆದು, "ನಂದು ನೋಡಿದ್ರೆ ಬರ್ತಾನೆ, ಅಳ್ತಾನೆ, ಹೋಗ್ತಾನೆ. ಇದನ್ನ ಕಳ್ಸು, ಉಳೀತಾನೆ" ಎಂದರು. ಫೋಕಸ್ ತಪ್ಪಿದೆ, ಅರ್ಧ ತಲೆ ಇಲ್ಲ. ಸ್ಕ್ಯಾನ್ ಮಾಡಿದೆ, ಧೂಳು ತೆಗೆದೆ, ಲಕೋಟೆಯೊಳಗೂ ಇಟ್ಟೆ. ಅಂಟಿಸುವ ಮೊದಲು ಹೊರಗೆ ತೆಗೆದುಬಿಟ್ಟೆ. ಅದನ್ನೂ ನೋಡಿ ನೀನು ಬಾರದೆ ಹೋದರೆ ನಾನು ಏನು ಮಾಡಲಿ?