ಮೂರನೇ ತಟ್ಟೆ

ಹಳೇಬೀಡು
೧೪-೬-೧೯೭೯

ಪ್ರೀತಿಯ ತಮ್ಮಯ್ಯಣ್ಣನಿಗೆ,

ನಿನ್ನ ತಂಗಿ ಸಣ್ಣತಾಯಿಯ ನಮಸ್ಕಾರ. ಬಂದು ವಾರವಾದರೂ ಸುದ್ದಿಯಿಲ್ಲವೆಂದು ಬೈದುಕೊಳ್ಳಬೇಡ, ಕಾಗದ ಕೈಗೆ ಸಿಕ್ಕಿದ್ದೇ ಇವತ್ತು. ಇದನ್ನು ನಿನಗೆ ಓದಿ ಹೇಳುವ ಟೀ ಅಂಗಡಿ ಪುಟ್ಟಸ್ವಾಮಿ ಮಾಮನಿಗೂ ನಮಸ್ಕಾರ.

ಅಣ್ಣಾ, ನಮ್ಮನ್ನು ಶಾಲೆಗೆ ಸೇರಿಸಿದರು! ನಾನು ಐದನೇ ಕ್ಲಾಸು, ನಮ್ಮ ತಮ್ಮ ಶಿವಯ್ಯ ಒಂದನೇ ಕ್ಲಾಸು. ಕೊಬ್ಬರಿ ವ್ಯಾಪಾರದ ಪದ್ಮಣ್ಣನವರು ಅರಸೀಕೆರೆ ಸ್ಟೇಷನ್ನಿನಲ್ಲಿ "ನಮ್ಮನೆಗೆ ಬನ್ನಿ, ಓದಿಸ್ತೀನಿ" ಅಂತ ನಮಗೆ ಹೇಳಿದ್ದು ಸುಳ್ಳಲ್ಲ. ಮಲಗಲು ನಮಗೇ ಅಂತ ಕೋಣೆ ಕೊಟ್ಟಿದ್ದಾರೆ, ಪ್ಲಾಟ್‌ಫಾರಂನ ಹಾಗೆ ಯಾರೂ ಕೋಲಿನಿಂದ ತಿವಿದು ಎಬ್ಬಿಸುವುದಿಲ್ಲ. ಶಿವಯ್ಯನೋ, ಬಸ್ಸು ಜಾವಗಲ್ ದಾಟುವವರೆಗೂ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳಲಿಲ್ಲ. ಇಲ್ಲಿನ ಗುಡಿಯ ಗೋಡೆ ತುಂಬ ಕಲ್ಲಾನೆಗಳನ್ನು ನೋಡಿ, "ಇಷ್ಟೊಂದು ಆನೆಗೆ ಯಾರಕ್ಕ ಹುಲ್ಲು ಹಾಕೋರು?" ಅಂದ. ನಕ್ಕು ನಕ್ಕು ಸಾಕಾಯಿತು.

ಮೊದಲ ದಿನ ಮಾತ್ರ ದೊಡ್ಡ ಪೆದ್ದುತನ ಮಾಡಿದೆವು. ಇನ್ನೂ ಬಿಸಿಲಿರುವಾಗಲೇ ಪದ್ಮಣ್ಣನವರ ಹೆಂಡತಿ ಧರ್ಮಾವತಮ್ಮ ಊಟಕ್ಕೆ ಕರೆದರು. ಇದು ತಿಂಡಿ ಇರಬೇಕು, ಊಟ ರಾತ್ರಿಗೆ ಅಂದುಕೊಂಡು ಸಂಕೋಚದಿಂದ ಎರಡೇ ತುತ್ತು ತಿಂದು ಎದ್ದೆವು. ರಾತ್ರಿ ರೈಲು ಹೋದ ಮೇಲೆ ಉಳಿದದ್ದನ್ನು ತಿಂದು ಅಭ್ಯಾಸ ನಮಗೆ. ಕತ್ತಲಾಯಿತು, ಒಲೆ ಹಚ್ಚಲೇ ಇಲ್ಲ. ನಮಗೆ ಅನ್ನ ಹಾಕಲು ಇವರಿಗೆ ಮನಸ್ಸಿಲ್ಲ ಅಂತ ಸಿಟ್ಟು ಬಂದು, ಗಂಟು ಕಟ್ಟಿ, ಶಿವಯ್ಯನ ಕೈ ಹಿಡಿದು ಹೊರಟೇಬಿಟ್ಟೆ. ಧರ್ಮಾವತಮ್ಮ ಬಾಗಿಲಲ್ಲೇ ತಡೆದರು.

"ಎಲ್ಲಿಗೇ ಹೊಂಟೆ? ನಾವು ಜೈನರು ಕಣೇ, ಹೊತ್ತು ಮುಳುಗಿದ್ಮೇಲೆ ನಮ್ಮನೇಲಿ ಯಾರೂ ಉಣ್ಣಲ್ಲ. ನಾಳೆ ಹೊಟ್ಟೆ ಬಿರಿಯ ಉಣ್ಣು, ಆಮೇಲೆ ಬೇಕಾದ್ರೆ ಓಡೋಗೀಯಂತೆ!" ಎಂದು ಗದರಿಸಿ, ಮಕ್ಕಳು ಹಾಲು ಕುಡಿದರೆ ಅಡ್ಡಿಯಿಲ್ಲವೆಂದು ಇಬ್ಬರಿಗೂ ಲೋಟ ತುಂಬಿ ಕೊಟ್ಟರು. ನಾನು ಅಳುತ್ತಲೇ ಕುಡಿದೆ. ಈಗ ಎಲ್ಲರಿಗಿಂತ ಮೊದಲು ಊಟಕ್ಕೆ ಕೂರುವವಳು ನಾನೇ.

ಮೈ ಕಡೆ ಜೋಪಾನ. ಧರ್ಮಾವತಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದರು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಸಣ್ಣತಾಯಿ

ತಾ.ಕ.: ಪುಟ್ಟಸ್ವಾಮಿ ಮಾಮ, ಇದನ್ನು ಅಣ್ಣನೊಬ್ಬನಿಗೇ ಕೇಳುವಂತೆ ಮೆಲ್ಲಗೆ ಓದಿ. ಅಣ್ಣಾ, ಬಸ್ಸು ಹೊರಡುವಾಗ "ನೀರು ತತ್ತೀನಿ, ಕೂತಿರಿ" ಅಂತ ಇಳಿದೆಯಲ್ಲ, ಚೊಂಬು ನನ್ನ ಮಡಿಲಲ್ಲೇ ಇತ್ತು. ಮೂವರೂ ಹೋದರೆ ಭಾರವಾಗುತ್ತೇವೆ ಅಂತ ತಾನೇ ನೀನು ಹಿಂದೆ ಉಳಿದದ್ದು? ಅವರು ಕರೆದದ್ದು ಮೂವರನ್ನೂ. ಧರ್ಮಾವತಮ್ಮ ದಿನಾ ನಮಗೆ ಮೂರು ತಟ್ಟೆ ಹಾಕಿ, ಅರಸೀಕೆರೆ ಬಸ್ಸಿನ ಸದ್ದಾದರೆ ಬಾಗಿಲಿಗೆ ಹೋಗಿ ನೋಡುತ್ತಾರೆ. ಕತ್ತಲಾದ ಮೇಲೆ ಒಂದು ತಟ್ಟೆಯನ್ನು ಹಾಗೇ ಎತ್ತಿಡುತ್ತಾರೆ. ಬೆಳಗಿನ ಬಸ್ಸಿಗೇ ಹತ್ತು, ಅಣ್ಣಾ. ಹೊತ್ತು ಮುಳುಗುವುದರೊಳಗೆ ಬಾ.